ಮುದುಕ, ಗೂಳಿ ಮತ್ತು ನಾನು ಮಾಡಿದ ರಿಂಗು

ಕಬ್ಬಿಣದ ವಿಷಯದಲ್ಲಿ ನಾನು ತಪ್ಪುವ ಮನುಷ್ಯನಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಬೇಕಾದರೆ ಚಿಕ್ಕೋಡಿಯಲ್ಲಿ ಯಾರನ್ನಾದರೂ ಕೇಳಿ. ಕೇಳದಿದ್ದರೆ ಇನ್ನೂ ಒಳ್ಳೆಯದು. ಈಸ್ಟರ್ ಆದಮೇಲೆ ಅವರು ಬೇರೆ ಏನೇನೋ ಹೇಳುತ್ತಿದ್ದಾರೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅಂದು ಕೈಗೆ ಬಂದ ವೆಲ್ಡಿಂಗ್ ಹ್ಯಾಂಡಲ್ಲನ್ನು ಇವತ್ತಿಗೂ ಕೆಳಗಿಟ್ಟಿಲ್ಲ. ನಿಪ್ಪಾಣಿ ರಸ್ತೆಯಲ್ಲಿ ‘ದಾನಿಯೇಲ ವೆಲ್ಡಿಂಗ್ ವರ್ಕ್ಸ್’ ಎಂದು ಬೋರ್ಡು ಕಂಡರೆ ಅದು ನನ್ನದೇ. ಕಬ್ಬಿನ ಹಂಗಾಮಿನಲ್ಲಿ ಸೊಂಟ ಮುರಿದ ಟ್ರೇಲರುಗಳು ಸಾಲುಗಟ್ಟಿ ನನ್ನ ಬಾಗಿಲಿಗೆ ಬರುತ್ತವೆ. ಅಥಣಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ನಾನು ಮಾಡಿದ ಕಂಬಗಳು ಇವೆ. ಇನ್ನು ಗೇಟುಗಳಂತೂ ಕೇಳಲೇಬೇಡಿ. ನನ್ನ ಗೇಟಿಗೆ ಸಂದು ಎಂಬುದೇ ಇರುವುದಿಲ್ಲ. ಇರುವೆ ಒಳಗೆ ಬರಬೇಕಾದರೂ ಚಿಲಕ ತೆಗೆಯಬೇಕು!

ಇಂಥ ನನಗೆ ಗಟ್ಟಿ ನಂಬಿಕೆ ಇರುವುದು ಎರಡೇ ವಿಷಯದಲ್ಲಿ. ಒಂದು ಕರ್ತನಾದ ದೇವರಲ್ಲಿ, ಇನ್ನೊಂದು ಬಾಸ್ಕೆಟ್‌ಬಾಲಿನಲ್ಲಿ.

ಕುಸ್ತಿ, ಕಬಡ್ಡಿಯ ಈ ಸೀಮೆಯಲ್ಲಿ ಬಾಸ್ಕೆಟ್‌ಬಾಲ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಚಿಕ್ಕವನಿದ್ದಾಗ ನಾನು ಮಿಶನ್ನಿನವರ ಬೋರ್ಡಿಂಗಿನಲ್ಲಿದ್ದೆ. ಅಲ್ಲಿ ಅಂಗಳದ ನಡುವೆ ಒಂದು ಕಂಬ, ಕಂಬಕ್ಕೆ ಒಂದು ರಿಂಗು. ಸಂಜೆ ಪ್ರಾರ್ಥನೆಗೆ ಮೊದಲು ಒಂದು ತಾಸು ಆಟ. ನನ್ನ ಜೊತೆಗೆ ಆಡುತ್ತಿದ್ದವನು ವಸಂತ. ನಾನು ಶಾಲೆ ಬಿಟ್ಟೆ, ಅವನು ಬಿಡಲಿಲ್ಲ. ಓದಿ ಓದಿ ಕಡೆಗೆ ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾದ. ಓದಿದ್ದೆಲ್ಲ ಸೀಟಿ ಊದುವುದಕ್ಕೆ! ಆದರೂ ಇಬ್ಬರೂ ಇರುವುದು ಚಿಕ್ಕೋಡಿಯಲ್ಲೇ, ಹೋಗುವುದು ಒಂದೇ ಚರ್ಚಿಗೆ, ಕೂರುವುದು ಒಂದೇ ಬೆಂಚಿನಲ್ಲಿ. ಜಗಳವೂ ಒಂದೇ.

ಅಮೆರಿಕದಲ್ಲಿ ಸಂಜೆ ಆಡುವ ಆಟ ನಮಗೆ ಬೆಳಗಿನ ಚಹಾದ ಹೊತ್ತಿಗೆ ಮೊಬೈಲಿನಲ್ಲಿ ಬರುತ್ತದೆ. ಅಲ್ಲಿನ ಆಟಗಾರರ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲವಾದ್ದರಿಂದ ನಾವೇ ಹೆಸರಿಟ್ಟುಕೊಂಡಿದ್ದೇವೆ. ನಮ್ಮ ಹರೆಯದ ಕಾಲದಲ್ಲಿ ಆಡಿ, ಆಟ ಬಿಟ್ಟು ಮನೆಯಲ್ಲಿ ಕೂತವನು ‘ಮುದುಕ’. ಈಗಲೂ ಎದುರಿಗೆ ಬಂದವರನ್ನು ಹಾಯ್ದುಕೊಂಡು ಹೋಗುವವನು ‘ಗೂಳಿ’. ಜಗತ್ತಿನಲ್ಲಿ ಹುಟ್ಟಿದ ಆಟಗಾರರಲ್ಲೆಲ್ಲ ದೊಡ್ಡವನು ಮುದುಕ ಎಂದು ನಾನು. ಗೂಳಿ ಎಂದು ವಸಂತ. ಹದಿನೈದು ವರ್ಷಗಳಿಂದ ಇದೇ ವಾದ. ಅಷ್ಟರಲ್ಲಿ ನಮ್ಮಿಬ್ಬರ ಮಕ್ಕಳು ದೊಡ್ಡವರಾದರು, ವಾದ ಮಾತ್ರ ಇನ್ನೂ ತೊಟ್ಟಿಲಲ್ಲೇ ಇದೆ.

ಮನೆಯಲ್ಲಿ, ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ವಾದ ಮಾಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾವು ಅದನ್ನು ಪ್ರಾರ್ಥನೆಯೊಳಗೆ ತಂದೆವು. ಅಲ್ಲಿಂದ ಶುರುವಾಯಿತು ನೋಡಿ.

ನಮ್ಮ ಚರ್ಚಿನ ಸಭೆಯಲ್ಲಿ ಪ್ರತಿ ಬುಧವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಎಲ್ಲರೂ ಕಣ್ಣು ಮುಚ್ಚಿ ಕೂತುಕೊಂಡು ಒಬ್ಬರಾದಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಇದರಲ್ಲಿ ಒಂದು ಅನುಕೂಲವಿದೆ. ಪ್ರಾರ್ಥಿಸುವವನನ್ನು ಯಾರೂ ನಡುವೆ ತಡೆಯುವಂತಿಲ್ಲ, ಉತ್ತರ ಕೊಡುವಂತಿಲ್ಲ! ಈ ಅನುಕೂಲವನ್ನು ಮೊದಲು ಕಂಡುಹಿಡಿದವನು ವಸಂತ. ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸದ ದಿನಗಳ ಒಂದು ಬುಧವಾರ, ನನ್ನದೇ ಮನೆಯಲ್ಲಿ, ನನ್ನದೇ ಚಾಪೆಯ ಮೇಲೆ ಕೂತು ಅವನು ಪ್ರಾರ್ಥಿಸಿದ್ದು ಹೀಗೆ:

“ಪರಲೋಕದ ತಂದೆಯೇ, ನಮ್ಮ ನಡುವೆ ಒಬ್ಬ ಸಹೋದರನಿದ್ದಾನೆ. ಹೆಸರು ಹೇಳುವುದಿಲ್ಲ, ನಿನಗೆ ತಿಳಿದಿದೆ. ಅವನಿಗೆ ನಿಪ್ಪಾಣಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿಯಿದೆ. ಅವನು ಆಗಿಹೋದ ಕಾಲಕ್ಕೆ ಜೋತುಬಿದ್ದಿದ್ದಾನೆ. ಇಂದು ಕಣ್ಣೆದುರಿಗೆ ಆಡುತ್ತಿರುವ ದೊಡ್ಡವನನ್ನು ಕಾಣುವಂತೆ ಅವನ ಕಣ್ಣುಗಳನ್ನು ತೆರೆ.”

ನನ್ನ ಕಣ್ಣು ಅಲ್ಲೇ ತೆರೆದವು, ಸಿಟ್ಟಿನಿಂದ! ಆದರೆ ಮುಂದಿನ ಸರದಿ ನನ್ನದೇ ಆಗಿತ್ತು.

“ತಂದೆಯೇ,” ಎಂದೆ ನಾನು, “ಕಲಿತವರ ಗರ್ವವನ್ನು ತಗ್ಗಿಸು. ಎದುರಿಗೆ ಬಂದವರನ್ನು ಹಾಯ್ದವರೆಲ್ಲ ದೊಡ್ಡವರಲ್ಲ, ಫೈನಲ್ಲಿನಲ್ಲಿ ಬೆನ್ನು ತೋರಿಸದವನೇ ದೊಡ್ಡವನು ಎಂದು ಪಿ.ಟಿ. ಕಲಿಸುವ ಒಬ್ಬ ಸಹೋದರನಿಗೆ ತಿಳಿಸು. ಅವನು ಕನ್ನಡಕ ಹಾಕಿಕೊಳ್ಳುತ್ತಾನೆ, ನಿನಗೆ ಗುರುತು ಸಿಗುತ್ತದೆ.”

ನಮ್ಮ ಸಭೆಯಲ್ಲೇ ಹಿರಿಯಳಾದ ಮಾರ್ಥವ್ವ ಒಂದು ಕಣ್ಣು ತೆರೆದು ಪಾಸ್ಟರ್ ಕಡೆ ವಾಲಿ, ಗುಟ್ಟಾಗಿ ಕೇಳುತ್ತಿದ್ದೇನೆ ಎಂದುಕೊಂಡು ಊರಿಗೆಲ್ಲ ಕೇಳುವಂತೆ ಕೇಳಿದಳು: “ಪಾಸ್ಟರ್, ಇದಕ್ಕ ಆಮೆನ್ ಅನ್ನಬೇಕೇನ್ರಿ?”

ನಮ್ಮ ಪಾಸ್ಟರ್ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಕೂಟ ಮುಗಿದು ಚಹಾ ಬಂದಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡರು.

“ದೇವ್ರಿಗೆ ಬ್ಯಾರೆ ಕೆಲಸ ಇಲ್ಲೇನ್ರಿ? ಅಂವಾ ಯಾರ ಪಾರ್ಟಿ ಅಂತ ತಿಳ್ಕೊಂಡೀರಿ?”

“ನನ್ನ ಪಾರ್ಟಿ ಅಂತೇನಿಲ್ರಿ,” ಎಂದ ವಸಂತ. “ಖರೇದ ಪಾರ್ಟಿ.”

“ಖರೇ ಮಾತು ಪುಸ್ತಕದಾಗ ಇರಂಗಿಲ್ಲ ಮಾಸ್ತರ, ಕೈಯಾಗ ಇರ್ತೈತಿ,” ಎಂದೆ ನಾನು.

“ಏಳನೇತ್ತ ತನಕ ಓದಿದಾವಂಗ ಪುಸ್ತಕದ ಸುದ್ದಿ ಯಾಕೋ ದಾನ್ಯಾ?”

ಈ ಮಾತು ಅವನು ವರ್ಷಕ್ಕೆ ಹತ್ತು ಸಲ ಅನ್ನುತ್ತಾನೆ. ಪ್ರತಿ ಸಲವೂ ನನಗೆ ಹೊಸದಾಗಿಯೇ ಸುಡುತ್ತದೆ. ನಾನು ಎದ್ದು ನಿಂತೆ.

“ಬಾ ಹಂಗಾರ! ಆಡಿ ತೋರಿಸು. ಈಸ್ಟರ್ ಮರುದಿನ, ಚರ್ಚಿನ ಅಂಗಳದಾಗ, ಎಲ್ಲಾರ ಮುಂದ. ತಲಿಗೆ ಹತ್ತು ಒಗತ. ನಾ ಮುದುಕನ ಕಡಿಂದ, ನೀ ಗೂಳಿ ಕಡಿಂದ. ಸೋತಾಂವಾ ಮುಂದಿನ ಐತ್ವಾರ ಸಭಾದಾಗ ನಿಂತು, ಎದುರಿನವನ ಮನಷ್ಯಾನ ದೊಡ್ಡಾಂವ ಅಂತ ಸಾಕ್ಷಿ ಹೇಳ್ಬೇಕು.”

ಸಾಕ್ಷಿ ಅಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಆರಾಧನೆಯ ನಡುವೆ ಎದ್ದು ಮುಂದೆ ಹೋಗಿ, ದೇವರು ತನಗೆ ಮಾಡಿದ ಉಪಕಾರವನ್ನು ಇಡೀ ಸಭೆಗೆ ಹೇಳುವ ಪದ್ಧತಿ. ಅಲ್ಲಿ ಸುಳ್ಳು ನಡೆಯುವುದಿಲ್ಲ, ಆಮೇಲೆ ಮಾತು ತಿರುಗಿಸುವುದೂ ನಡೆಯುವುದಿಲ್ಲ. ಗುಣವಾದ ಕಾಯಿಲೆ, ಬಿಟ್ಟುಹೋದ ಕುಡಿತ ಇಂಥವನ್ನು ಹೇಳುವ ಜಾಗದಲ್ಲಿ ನಿಂತು ‘ಗೂಳಿಯೇ ದೊಡ್ಡವನು’ ಎನ್ನುವುದಕ್ಕಿಂತ ನಾನು ಊರು ಬಿಟ್ಟು ಕಾಗವಾಡಕ್ಕೆ ಹೋಗಿ ಇದ್ದುಬಿಡುತ್ತಿದ್ದೆ!

ಪಾಸ್ಟರ್ ಬಹಳ ಹೊತ್ತು ಯೋಚಿಸಿದರು. ಈಸ್ಟರ್ ಮರುದಿನ ನಮ್ಮ ಸಭೆಯ ಊಟ, ಆಟ ಇದ್ದೇ ಇರುತ್ತದೆ. ಚೀಲದ ಓಟ, ಲಿಂಬೆಹಣ್ಣು ಚಮಚದ ಓಟ, ಹೆಂಗಸರಿಗೆ ಸಂಗೀತ ಕುರ್ಚಿ. ಅದರಲ್ಲೇ ಇದೂ ಒಂದು ಹೋಗಲಿ ಎಂದರು. ಷರತ್ತು ಒಂದೇ: ಆಮೇಲೆ ಬಾಸ್ಕೆಟ್‌ಬಾಲು ಪ್ರಾರ್ಥನೆಯೊಳಗೆ ಕಾಲಿಡಬಾರದು.

“ಆದ್ರ ನಮ್ಮಲ್ಲಿ ರಿಂಗ ಎಲ್ಲೈತ್ರಿ?” ಎಂದು ಕೇಳಿದಳು ನನ್ನ ಹೆಂಡತಿ ಸುನಂದಾ, ಕಪ್ಪು ಎತ್ತುತ್ತ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮೀಸೆಯ ಮೇಲೆ ಕೈಯಾಡಿಸಿದೆ.

“ಅದನ್ನ ನನಗ ಬಿಡ್ರಿ,” ಎಂದೆ. ಇಡೀ ಕಥೆಯಲ್ಲಿ ಯಾರಾದರೂ ನನ್ನ ಬಾಯಿ ಮುಚ್ಚಿಸಬೇಕಾಗಿದ್ದ ಗಳಿಗೆ ಅದೊಂದೇ.

ಮರುದಿನವೇ ಕೆಲಸ ಶುರು. ನನ್ನ ಮಗಳು ರೂತ್ ಕಾಲೇಜಿಗೆ ಹೋಗುತ್ತಾಳೆ. ಅವಳು ಮೊಬೈಲಿನಲ್ಲಿ ಹುಡುಕಿ, ಒಂದು ಚೀಟಿಯಲ್ಲಿ ಅಳತೆ ಬರೆದು ತಂದುಕೊಟ್ಟಳು. ರಿಂಗಿನ ಎತ್ತರ ನೆಲದಿಂದ ಹತ್ತು ಅಡಿ. ರಿಂಗಿನ ಒಳ ಅಗಲ ಹದಿನೆಂಟು ಇಂಚು.

ಹತ್ತು ಅಡಿ ಎಂಬುದು ನನಗೆ ಒಪ್ಪಿಗೆಯಾಯಿತು. ಹದಿನೆಂಟು ಇಂಚಿನ ಮುಂದೆ ನಾನು ನಿಂತುಬಿಟ್ಟೆ.

ನಿಪ್ಪಾಣಿಯಿಂದ ತಂದ ಹೊಸ ಚೆಂಡು ಮೇಜಿನ ಮೇಲಿತ್ತು. ಟೇಪು ಹಿಡಿದೆ. ಒಂಬತ್ತೂವರೆ ಇಂಚು. ಒಂಬತ್ತೂವರೆ ಇಂಚಿನ ಚೆಂಡಿಗೆ ಹದಿನೆಂಟು ಇಂಚಿನ ರಿಂಗೇ? ಸುತ್ತಲೂ ನಾಲ್ಕು ಇಂಚು ಸಂದು! ಇಂಥ ಸಂದು ಬಿಟ್ಟ ಗೇಟನ್ನು ನಾನು ಮಾಡಿಕೊಟ್ಟಿದ್ದರೆ ಗಿರಾಕಿಗಳು ನನ್ನನ್ನು ಅದೇ ಗೇಟಿಗೆ ಕಟ್ಟಿಹಾಕುತ್ತಿದ್ದರು.

“ರೂತ್, ಇದು ತಪ್ಪೈತಿ,” ಎಂದೆ.

“ಇಲ್ಲಪ್ಪಾ, ನಾಕ್ ಕಡೆ ನೋಡೀನಿ. ಎಲ್ಲಾ ಕಡೆ ಹದಿನೆಂಟ ಐತಿ.”

“ಅಂದ್ರ ನಾಕೂ ಮಂದಿ ಒಬ್ಬರದು ಒಬ್ಬರು ನೋಡಿ ಬರದಾರ.”

“ಅಪ್ಪಾ, ಜಗತ್ತೆಲ್ಲಾ ತಪ್ಪು ಮಾಡ್ತೈತೇನು?”

“ಜಗತ್ತಿಗೆ ವೆಲ್ಡಿಂಗ್ ಬರ್ತೈತೇನು?”

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟು ಕಾಲೇಜಿಗೆ ಹೋದಳು. ನಾನು ಬೋರ್ಡಿಂಗಿನ ರಿಂಗನ್ನು ನೆನಪಿಸಿಕೊಂಡೆ. ಅದು ದೊಡ್ಡದಿತ್ತು, ನಿಜ. ಆದರೆ ನಾನಾಗ ಸಣ್ಣವನು. ಸಣ್ಣವರಿಗೆ ಎಲ್ಲವೂ ದೊಡ್ಡದೇ. ನಮ್ಮ ವಾರ್ಡನ್ ಸಾಹೇಬರು ಕೂಡ ಬೆಟ್ಟದ ಹಾಗೆ ಕಾಣುತ್ತಿದ್ದರು. ಹತ್ತು ವರ್ಷ ಬಿಟ್ಟು ಕುಡಚಿ ಸ್ಟೇಷನ್ನಿನಲ್ಲಿ ಸಿಕ್ಕಾಗ ನೋಡಿದರೆ ನನ್ನ ಭುಜಕ್ಕೆ ಬರುತ್ತಿದ್ದರು! ಅದೇ ಲೆಕ್ಕದಲ್ಲಿ ರಿಂಗನ್ನೂ ಇಳಿಸಿದೆ. ಇಳಿಸಿ ಇಳಿಸಿ ಹತ್ತು ಇಂಚಿಗೆ ತಂದೆ. ಹತ್ತೂ ಕೊಂಚ ಸಡಿಲವೆನಿಸಿತು. ಕಾಲು ಇಂಚು ಬಿಗಿ ಮಾಡಿದೆ.

ಹೆಬ್ಬೆರಳು ದಪ್ಪದ ರಾಡನ್ನು ಕಾಯಿಸಿ, ಬಾಗಿಸಿ, ತುದಿ ಜೋಡಿಸಿ ಬೆಸೆದೆ. ಬೆಸುಗೆ ಎಲ್ಲಿದೆ ಎಂದು ಬೆರಳಾಡಿಸಿದರೂ ತಿಳಿಯಬಾರದು, ಹಾಗೆ ಉಜ್ಜಿದೆ. ಆಮೇಲೆ ಪರೀಕ್ಷೆ. ರಿಂಗನ್ನು ಎರಡು ಸ್ಟೂಲಿನ ನಡುವೆ ಇಟ್ಟು, ಮೇಲಿನಿಂದ ಚೆಂಡನ್ನು ನೆಟ್ಟಗೆ ಬಿಟ್ಟೆ. ಚೆಂಡು ಸುಯ್ಯೆಂದು ಇಳಿದು ಕೆಳಗೆ ಬಿತ್ತು. ಎಲ್ಲಿಯೂ ತಗಲಲಿಲ್ಲ! ಬೆಂಕಿಕಡ್ಡಿ ಹೋಗುವಷ್ಟು ಸಂದು, ಸುತ್ತಲೂ ಒಂದೇ ಸಮ. ನನ್ನ ಕೆಲಸ ನೋಡಿ ನನಗೇ ಕಣ್ಣು ತುಂಬಿ ಬಂತು.

ಆಟದಲ್ಲಿ ಚೆಂಡನ್ನು ಮೇಲಿನಿಂದ ಬಿಡುವುದಿಲ್ಲ, ದೂರದಿಂದ ಒಗೆಯುತ್ತಾರೆ ಎಂಬ ಸಂಗತಿ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ. ಮೂವತ್ತೈದು ವರ್ಷ ಆಟ ನೋಡಿದ ತಲೆಯಲ್ಲಿ!

ಪಕ್ಕದ ಪೈಪಿನ ಅಂಗಡಿಯ ಅಣ್ಣಾಸಾಹೇಬರು, ಯಾವ ಮಾತನ್ನೂ ತೂಗಿ ಆಡುವ ಜೈನ ಹಿರಿಯರು, ಚಹಾ ಕುಡಿಯಲು ಬಂದವರು ರಿಂಗನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಕೆಲಸ ಝಕಾಸ್ ಆಗೇತಿ ದಾನಿಯೇಲ. ಹಂಡೇದ ಸ್ಟ್ಯಾಂಡೇನು?”

“ಬಾಸ್ಕೆಟ್‌ಬಾಲಿನ ರಿಂಗ್ರಿ ಅಣ್ಣಾ.”

“ಹೌದ? ಟಿವಿಯಾಗ ನೋಡಿದ್ದು ದೊಡ್ಡದಿತ್ತಲ್ಲೋ.”

“ಟಿವಿಯಾಗ ಎಲ್ಲಾ ದೊಡ್ಡದು ಕಾಣ್ತಾವ್ರಿ.”

ಅವರು ಚಹಾ ಮುಗಿಸಿ, ಕಂಬಕ್ಕೆ ಒಳ್ಳೆಯ ಪೈಪು ಆರಿಸಿ ಕೊಟ್ಟು ಹೋದರು.

ಇನ್ನು ಹಲಗೆ. ಟ್ರೇಲರಿಗೆ ಹಾಕುವ ಗಟ್ಟಿ ಕಬ್ಬಿಣದ ತಗಡು ಕತ್ತರಿಸಿ, ಬಿಳಿ ಬಣ್ಣ ಹೊಡೆದು, ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ದಾನಿಯೇಲ ವೆಲ್ಡಿಂಗ್ ವರ್ಕ್ಸ್, ಚಿಕ್ಕೋಡಿ’ ಎಂದು ಬರೆದೆ. ಕೆಳಗೆ ಜಾಗ ಉಳಿದಿತ್ತು. ‘ಕೆಲಸಕ್ಕೆ ಗ್ಯಾರಂಟಿ’ ಎಂದೂ ಬರೆದೆ. ರಿಂಗಿಗೆ ಎರಡು ಕೈ ಕೇಸರಿ ಬಣ್ಣ. ಅದನ್ನು ಹಲಗೆಗೆ ಬೋಲ್ಟು ಹಾಕಿ ಕೂಡಿಸಬಹುದಿತ್ತು. ಆದರೆ ಬೋಲ್ಟು ಎಂದರೆ ಅನುಮಾನ, ವೆಲ್ಡಿಂಗ್ ಎಂದರೆ ವಿಶ್ವಾಸ! ಸುತ್ತಲೂ ಬೆಸೆದೆ. ಗುಡ್ ಫ್ರೈಡೇಗೆ ಎಂಟು ದಿನ ಮೊದಲೇ ಚರ್ಚಿನ ಅಂಗಳದಲ್ಲಿ ಮೂರು ಅಡಿ ಗುಂಡಿ ತೋಡಿ, ಕಾಂಕ್ರೀಟು ಸುರಿದು ನಿಲ್ಲಿಸಿದೆ. ಕಬ್ಬಿನ ಟ್ರ್ಯಾಕ್ಟರು ಬಂದು ಗುದ್ದಿದರೂ ಟ್ರ್ಯಾಕ್ಟರಿಗೇ ಪೆಟ್ಟು.

ಉದ್ಘಾಟನೆ ಆಗುವ ತನಕ ಯಾರೂ ಮುಟ್ಟಬಾರದೆಂದು ರಿಂಗಿಗೂ ಹಲಗೆಗೂ ಗೋಣಿಚೀಲ ಸುತ್ತಿ ಕಟ್ಟಿದೆ. ಅದೂ ನನ್ನದೇ ಬುದ್ಧಿ. ಯಾವ ಹುಡುಗನಾದರೂ ಒಂದು ಸಲ ಚೆಂಡು ಒಗೆದು ನೋಡಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಈಸ್ಟರ್ ಮರುದಿನ. ಹೊತ್ತು ಏರುತ್ತಿದ್ದಂತೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಚೀಲದ ಓಟ ಮುಗಿಯಿತು, ಕುರ್ಚಿ ಆಟದಲ್ಲಿ ಮಾರ್ಥವ್ವ ಇಬ್ಬರು ಸೊಸೆಯರನ್ನು ತಳ್ಳಿ ಗೆದ್ದಳು. ಆಮೇಲೆ ಎಲ್ಲರೂ ಕಂಬದ ಸುತ್ತ ನೆರೆದರು. ಪಾಸ್ಟರ್ ಚಿಕ್ಕದೊಂದು ಪ್ರಾರ್ಥನೆ ಮಾಡಿ ಗೋಣಿಚೀಲದ ಹಗ್ಗ ಎಳೆದರು. ಕೇಸರಿ ರಿಂಗು ಬಿಸಿಲಿನಲ್ಲಿ ಝಗ್ಗೆಂದು ಹೊಳೆಯಿತು. ಚಪ್ಪಾಳೆ! ನಾನು ಕೈಮುಗಿದೆ.

ವಸಂತ ಸುಣ್ಣದಿಂದ ಗೆರೆ ಹಾಕಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದ. ಅವನು ತಲೆಯೆತ್ತಿ ರಿಂಗನ್ನು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ಸಣ್ಣದ ಕಾಣ್ತೈತಲ್ಲೋ ದಾನ್ಯಾ?”

“ದೂರ ನಿಂತೀಯಲ್ಲೋ, ಅದಕ್ಕ.”

ಮೊದಲ ಒಗೆತ ನನ್ನದು. ಆ ಮುಂಜಾನೆ ಚೆಂಡಿಗೆ ಟ್ರ್ಯಾಕ್ಟರ್ ಟೈರಿನ ಕಂಪ್ರೆಸರಿನಿಂದ ಚೆನ್ನಾಗಿ ಗಾಳಿ ತುಂಬಿಸಿದ್ದೆ. ಮನಸ್ಸಿನಲ್ಲಿ ಮುದುಕನನ್ನು ನೆನೆದೆ, ಮೊಣಕಾಲು ಬಗ್ಗಿಸಿದೆ, ಒಗೆದೆ. ಚೆಂಡು ಚಂದವಾಗಿ ಬಾಗಿ ಹೋಗಿ, ನೇರ ರಿಂಗಿನ ಮೇಲೆಯೇ ಬಿದ್ದು, ಬಾಗಿಲು ಮುಚ್ಚಿದ ಮನೆಗೆ ಬಂದ ನೆಂಟನ ಹಾಗೆ ಒಂದು ಕ್ಷಣ ನಿಂತು, ಹಿಂದಕ್ಕೆ ಬಂತು.

ವಸಂತ ಒಗೆದ. ಹಲಗೆಗೆ ಬಡಿದು ಬಂತು. ನಾನು ಒಗೆದೆ. ರಿಂಗಿಗೆ ಬಡಿದು ಬಂತು. ಹತ್ತು ನನ್ನವು, ಹತ್ತು ಅವನವು. ಇಪ್ಪತ್ತರಲ್ಲಿ ಒಂದೂ ಒಳಗೆ ಹೋಗಲಿಲ್ಲ. ನೋಡುತ್ತಿದ್ದವರಿಗೆ ಆಟದ ನಿಯಮ ಗೊತ್ತಿರಲಿಲ್ಲವಾದ್ದರಿಂದ, ಚೆಂಡು ಹಲಗೆಯ ಯಾವ ಅಕ್ಷರಕ್ಕೆ ಬಡಿಯಿತು ಎಂಬುದನ್ನೇ ಎಣಿಸತೊಡಗಿದ್ದರು.

“ಈ ಸಲ ‘ವರ್ಕ್ಸ್’ಗೆ ಬಡೀತು!”

“ಇದು ‘ಗ್ಯಾರಂಟಿ’ಗೆ ಬಿತ್ರೀ!”

ಯಾರಾದರೂ ಒಬ್ಬರು ಹಾಕುವ ತನಕ ಆಟ ಮುಂದುವರಿಯಲಿ ಎಂದು ತೀರ್ಮಾನವಾಯಿತು. ಇನ್ನೂ ಇಪ್ಪತ್ತು ಒಗೆದೆವು. ನಮ್ಮ ಅಂಗಿ ಹಿಂಡಿದರೆ ನೀರು ಬರುವಂತಾಯಿತು. ಪಾಸ್ಟರ್ ತೋಳು ಮಡಚಿ ಐದು ಒಗೆದರು. ಗಾಯನ ವೃಂದದವರು ಒಗೆದರು. ಕಡೆಗೆ ನನ್ನ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಒಗೆದಳು. ಎಲ್ಲರಿಗಿಂತ ಸರಿಯಾಗಿ ಒಗೆದವಳು ಅವಳೇ. ಚೆಂಡು ರಿಂಗಿನ ಮೇಲೆ ಹೋಗಿ ಕೂತಿತು. ಕೂತೇಬಿಟ್ಟಿತು! ಸಿಂಬೆಯ ಮೇಲೆ ಇಟ್ಟ ಗಡಿಗೆಯ ಹಾಗೆ. ಗಾಳಿ ಬೀಸಿ ಉರುಳಿಸುವ ತನಕ ಇಡೀ ಸಭೆ ಅದನ್ನು ತಲೆಯೆತ್ತಿ ನೋಡುತ್ತ ನಿಂತಿತು.

ವಸಂತ ಮೆಲ್ಲಗೆ ಜೇಬಿನಿಂದ ಟೇಪು ತೆಗೆದ. ಪಿ.ಟಿ. ಮಾಸ್ತರರು ಹಬ್ಬದ ದಿನವೂ ಟೇಪು ಇಟ್ಟುಕೊಂಡೇ ತಿರುಗುತ್ತಾರೆಂದು ನನಗೇನು ಗೊತ್ತು? ಏಣಿ ತರಿಸಿ ಹತ್ತಿದ. ಅಳೆದ. ಮತ್ತೊಮ್ಮೆ ಅಳೆದ. ಏಣಿಯ ಮೇಲೆಯೇ ನಗತೊಡಗಿ, ನಗುತ್ತಲೇ ಇಳಿದು, ನೆಲದ ಮೇಲೆ ಕೂತು ನಕ್ಕ.

“ಒಂಬತ್ತೂಮುಕ್ಕಾಲ ಇಂಚ್ರೀ ಪಾಸ್ಟರ್! ಹದಿನೆಂಟ ಇರ್ಬೇಕಿತ್ತು! ಈ ನನ್ಮಗ ಚೆಂಡಿಗೆ ಅಂಗಿ ಹೊಲದಾನ!”

ಇಡೀ ಅಂಗಳ ನಕ್ಕಿತು. ನನ್ನ ಕಿವಿ ಬಿಸಿಯಾದವು. ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನು ದಾನಿಯೇಲನೇ ಅಲ್ಲ.

“ಯಾಕ ನಗ್ತೀರಿ? ಹೋಗ್ತೈತಿ! ನನ್ನ ಅಂಗಡಿಯಾಗ ಹೋಗೇತಿ! ನಿಮಗ ಒಗ್ಯಾಕ ಬರಂಗಿಲ್ಲ ಅಂದ್ರ ರಿಂಗ್ ಏನ್ ಮಾಡ್ತೈತಿ? ನಿಂದ್ರಿ, ತೋರಿಸ್ತೀನಿ!”

“ರೀ, ಬ್ಯಾಡ್ರಿ,” ಎಂದಳು ಸುನಂದಾ.

ನಾನು ಚೆಂಡು ಹಿಡಿದು ಏಣಿ ಹತ್ತಿದೆ. ಎಲ್ಲರೂ ನೋಡುವಂತೆ ಚೆಂಡನ್ನು ರಿಂಗಿನ ನೆಟ್ಟ ನಡುವೆ ಹಿಡಿದು, ಕೈ ಬಿಟ್ಟೆ.

ಅರ್ಧ ಹೋಯಿತು. ಇನ್ನರ್ಧ ಹೋಗಲಿಲ್ಲ.

ಕಂಪ್ರೆಸರಿನ ಗಾಳಿ, ಏಪ್ರಿಲ್ ಬಿಸಿಲು, ಎರಡು ಕೈ ಬಣ್ಣ. ಮೂರೂ ಸೇರಿ ಬೆಂಕಿಕಡ್ಡಿಯ ಸಂದನ್ನು ನುಂಗಿಬಿಟ್ಟಿದ್ದವು. ಒತ್ತಿದೆ, ಜಪ್ಪಯ್ಯ ಎನ್ನಲಿಲ್ಲ. ಏಣಿಯ ಕೊನೆಯ ಮೆಟ್ಟಿಲಿಗೆ ಹೋಗಿ, ಎದೆಯಿಂದ ಒತ್ತಿದೆ. ಚೆಂಡು ಅಲ್ಲಾಡಲಿಲ್ಲ. ಏಣಿ ಅಲ್ಲಾಡಿತು!

ಏಣಿ ಒಂದು ಕಡೆಗೆ ಹೋಯಿತು, ನಾನು ಇನ್ನೊಂದು ಕಡೆಗೆ ಹೋಗಬೇಕು ಎನ್ನುವಷ್ಟರಲ್ಲಿ ಎರಡೂ ಕೈ ತಾವಾಗಿಯೇ ರಿಂಗನ್ನು ಹಿಡಿದುಕೊಂಡವು. ಎಂಬತ್ತು ಕಿಲೋ ತೂಕದ ನಾನು ಚರ್ಚಿನ ಅಂಗಳದಲ್ಲಿ ಜೋತಾಡತೊಡಗಿದೆ. ಮೂಗು ‘ಗ್ಯಾರಂಟಿ’ಗೆ ಆತುಕೊಂಡಿತ್ತು. ಹೇಳಬಾರದು, ಆದರೂ ಹೇಳುತ್ತೇನೆ. ಆ ಭಯದಲ್ಲೂ ನನಗೆ ಮೊದಲು ಬಂದ ಯೋಚನೆ: ಬೆಸುಗೆ ತಡೆಯಿತು ನೋಡು!

“ಭಲೇ! ಗೂಳಿ ಹಿಂಗ ಜೋತಾಡ್ತಾನ!” ಎಂದು ಕೆಳಗಿನಿಂದ ವಸಂತ ಕೂಗಿದ.

“ರೀ, ಇಳೀರಿ!” ಎಂದು ಸುನಂದಾ ಕೂಗಿದಳು.

“ಹ್ಯಾಂಗ ಇಳೀಲೇ?”

ಕೈ ಬೆವರಿ ಜಾರುತ್ತಿತ್ತು. ಕೆಳಗೆ ನೋಡುವ ಧೈರ್ಯ ಇರಲಿಲ್ಲ. ಹತ್ತು ಅಡಿ! ನಾನೇ ಅಳೆದ ಹತ್ತು ಅಡಿ! ಕಾಲು ಮುರಿದರೆ ಅಂಗಡಿಯ ಗತಿಯೇನು? ಕಣ್ಣು ಮುಚ್ಚಿದೆ. ಬಾಯಿಗೆ ಬಂದದ್ದು ಪ್ರಾರ್ಥನೆ. ಅದೂ ಗಟ್ಟಿಯಾಗಿ, ಬುಧವಾರದ ರೂಢಿಯ ಹಾಗೆ:

“ಕರ್ತನೇ, ಕಾಪಾಡು! ನಾನು ಗರ್ವ ಪಟ್ಟೆ! ಚೀಟಿಯಲ್ಲಿ ಬರೆದದ್ದೇ ಸರಿ! ವಸಂತ ಹೇಳಿದ್ದೂ ಸರಿ! ಗೂಳಿಯೇ ದೊಡ್ಡವನು ತಂದೆಯೇ, ಗೂಳಿಯೇ ದೊಡ್ಡವನು! ನನ್ನನ್ನು ಕೆಳಗಿಳಿಸು!”

ಆಮೇಲೆ ಪಾಸ್ಟರ್ ಗಂಭೀರವಾಗಿ “ಆಮೆನ್” ಎಂದರು. ಇಡೀ ಸಭೆ ಒಂದೇ ದನಿಯಲ್ಲಿ “ಆಮೆನ್!” ಎಂದಿತು. ಎಲ್ಲರಿಗಿಂತ ದೊಡ್ಡ ಆಮೆನ್ ವಸಂತನದು.

ನನ್ನ ಹಿಂದಿನಿಂದ ಮಾರ್ಥವ್ವನ ದನಿ ಕೇಳಿತು. ತೀರ ಹತ್ತಿರದಿಂದ. “ಕೈ ಬಿಡೋ ತಮ್ಮಾ. ನೆಲ ಇಲ್ಲೇ ಐತಿ.”

ಕಣ್ಣು ತೆರೆದು ಕೆಳಗೆ ನೋಡಿದೆ. ಹತ್ತು ಅಡಿ ಎತ್ತರ ಇದ್ದದ್ದು ರಿಂಗು. ಅದಕ್ಕೆ ಜೋತುಬಿದ್ದವನ ಎತ್ತರ, ಚಾಚಿದ ಕೈಯ ಉದ್ದ ಕಳೆದರೆ ನನ್ನ ಕಾಲಿನಿಂದ ನೆಲಕ್ಕೆ ಉಳಿದಿದ್ದದ್ದು ಎರಡೂವರೆ ಅಡಿ! ನಮ್ಮ ಮನೆಯ ಕಟ್ಟೆ ಅದಕ್ಕಿಂತ ಎತ್ತರವಿದೆ. ನಾನು ಸುಮ್ಮನೆ ಇಳಿದು ನಿಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಆ ರಿಂಗನ್ನು ಕತ್ತರಿಸಲು ಹೋದರೆ ನನ್ನ ಬೆಸುಗೆ ನನಗೇ ಜಗ್ಗಲಿಲ್ಲ. ಗ್ರೈಂಡರಿನ ನಾಲ್ಕು ಬ್ಲೇಡು ಸವೆದವು. ಚೆಂಡು ಮೊದಲನೆಯ ಬ್ಲೇಡಿಗೇ ‘ಢಂ’ ಎಂದು ಪ್ರಾಣ ಬಿಟ್ಟಿತ್ತು. ಕೆಳಗೆ ನಿಂತು ಏಣಿ ಹಿಡಿದುಕೊಂಡವನು ಬೇರೆ ಯಾರೂ ಅಲ್ಲ, ವಸಂತನೇ. ಶಾಲೆಗೆ ರಜೆ ಹಾಕಿ ಬಂದಿದ್ದ. ನಗುವುದಕ್ಕೆ ರಜೆ ಹಾಕಿದ್ದನೋ, ಏಣಿ ಹಿಡಿಯುವುದಕ್ಕೋ, ಕೇಳಲಿಲ್ಲ. ಎರಡನ್ನೂ ಚೆನ್ನಾಗಿ ಮಾಡಿದ. ಹೊಸ ರಿಂಗನ್ನು ರೂತ್ ಟೇಪು ಹಿಡಿದು ನಿಂತಮೇಲೆಯೇ ಬೆಸೆದೆ. ಹದಿನೆಂಟು ಇಂಚು. ಬಾವಿಯ ಬಾಯಿ ಇದ್ದ ಹಾಗಿದೆ, ನನಗೆ ಈಗಲೂ ನೋಡಲು ಆಗುವುದಿಲ್ಲ.

ಶನಿವಾರ ಸಂಜೆ, ಹೊಸ ರಿಂಗು, ಹೊಸ ಚೆಂಡು. ಪಾಸ್ಟರ್ ಎದುರಿಗೇ ಇಬ್ಬರೂ ತಲೆಗೆ ಹತ್ತು ಒಗೆದೆವು. ನನ್ನವು ನಾಲ್ಕು ಬಿದ್ದವು. ವಸಂತನವು ಎರಡು!

“ಗೆದ್ದೆ!” ಎಂದು ಕುಣಿದೆ. “ಪಾಸ್ಟರ್, ನೋಡಿದ್ರಲ್ರಿ? ಸಾಕ್ಷಿ ಇಂವಾ ಹೇಳ್ಬೇಕು!”

ಪಾಸ್ಟರ್ ತಲೆಯಾಡಿಸಿದರು. “ಆಟ ಗೆದ್ರಿ, ಖರೇ. ಆದ್ರ ಪ್ರಾರ್ಥನಾ ಮಾಡಿದ್ರಲ್ರಿ ದಾನಿಯೇಲಣ್ಣ. ನಾವೆಲ್ಲಾ ಆಮೆನ್ ಅಂದೀವಿ. ಅದನ್ನ ವಾಪಸ್ ತಗೊಳ್ಳಾಕ ನನಗ ಅಧಿಕಾರ ಇಲ್ಲ.”

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆ ಹೋಗಿ ನಿಂತೆ. ಇಡೀ ಸಭೆ ತುಟಿ ಕಚ್ಚಿಕೊಂಡು ಕೂತಿತ್ತು. ವಸಂತ ಮೊದಲನೆಯ ಬೆಂಚಿನಲ್ಲಿ ಕೈಕಟ್ಟಿ, ಮದುಮಗನ ಹಾಗೆ.

“ಪ್ರಿಯ ಸಹೋದರ ಸಹೋದರಿಯರೇ,” ಎಂದೆ. “ಕರ್ತನು ನನ್ನನ್ನು ದೊಡ್ಡ ಎತ್ತರದಿಂದ ಇಳಿಸಿದ್ದಾನೆ.”

“ಎರಡೂವರೆ ಅಡಿ,” ಎಂದಳು ಮಾರ್ಥವ್ವ.

“ಆ ಹೊತ್ತಿನಲ್ಲಿ ನಾನು ಒಪ್ಪಿಕೊಂಡದ್ದನ್ನು ಈಗಲೂ ಒಪ್ಪುತ್ತೇನೆ. ಗೂಳಿಯೇ ದೊಡ್ಡವನು. ಆದರೆ...”

“ಆಮೆನ್!” ಎಂದಿತು ಇಡೀ ಸಭೆ. ಹಾರ್ಮೋನಿಯಂ ಶುರುವಾಯಿತು. ಎಲ್ಲರೂ ಎದ್ದು ಹಾಡತೊಡಗಿದರು. ನಾನೂ ಹಾಡಿದೆ, ಇನ್ನೇನು ಮಾಡುವುದು?

ಮನೆಗೆ ಬಂದಮೇಲೆ ಊಟಕ್ಕೆ ಕೂತು, ಆ ‘ಆದರೆ’ಯ ಮುಂದಿನದನ್ನೆಲ್ಲ ಸುನಂದಾಳ ಮುಂದೆ ಸುರಿದೆ. ಮುದುಕ ಎಷ್ಟು ಫೈನಲ್ ಗೆದ್ದ, ಗೂಳಿ ಎಷ್ಟು ಸೋತ, ಎಲ್ಲ. ಅವಳು ಸಮಾಧಾನದಿಂದ ಕೇಳಿ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

“ಹೌದ್ರಿ, ಒಂದ್ ಮಾತು ಕೇಳ್ತೀನಿ. ನೀವು ಮೊದಲ ಮಾಡಿದ ರಿಂಗಿನ್ಯಾಗ ಮುದುಕಗ ಚೆಂಡು ಹಾಕಾಕ ಬರ್ತಿತ್ತೇನ್ರಿ?”

ಪ್ರಾಮಾಣಿಕವಾಗಿ ಯೋಚಿಸಿದೆ. “ಇಲ್ಲ ಬಿಡು.”

“ಗೂಳಿಗೆ?”

“ಅವನಪ್ಪಗೂ ಬರ್ತಿರ್ಲಿಲ್ಲ!”

“ಹಂಗಾರ ಅವರಿಬ್ಬರದೇನು ಹಚ್ಚೀರಿ? ಅವರಿಬ್ಬರಿಗಿಂತ ನೀವ ದೊಡ್ಡವರು.”

ನನಗೆ ಎದೆ ತುಂಬಿ ಬಂತು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಇಷ್ಟು ಹೊಗಳಿದ್ದೇ ಇಲ್ಲ. ಆ ಖುಷಿಯಲ್ಲಿ ಇನ್ನೆರಡು ರೊಟ್ಟಿ ಹೆಚ್ಚಿಗೆ ತಿಂದೆ. ಸೋಮವಾರ ಇಡೀ ದಿನ ಮೀಸೆ ತಿರುವುತ್ತ ಅಂಗಡಿಯಲ್ಲಿ ಕೆಲಸ ಮಾಡಿದೆ. ಬಂದ ಗಿರಾಕಿಗಳಿಗೆಲ್ಲ ನನ್ನ ಹೆಂಡತಿ ಹೀಗೆ ಅಂದಳು ಎಂದು ಹೇಳಿದೆ. ಅವರೆಲ್ಲ ಯಾಕೆ ಬೇರೆ ಕಡೆ ಮುಖ ತಿರುಗಿಸಿದರೋ ತಿಳಿಯಲಿಲ್ಲ.

ಅದು ಹೊಗಳಿಕೆ ಅಲ್ಲ ಎಂದು ನನಗೆ ಹೊಳೆದದ್ದು ಮಂಗಳವಾರ ಮಧ್ಯಾಹ್ನ.